ಓಲೆಯಿಂದ ನೋಟಿಫಿಕೇಶನ್‌ವರೆಗೆ: ಕಲ್ಯಾಣ ಸೀಮೆಗೆ ಸುದ್ದಿ ಬಂದ ದಾರಿ

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಒಂದು ತಾಸಿನೊಳಗಿನ ದಾರಿ. ನಡೆದರೆ ಒಂದು ಹಗಲು. ನಿಮ್ಮ ಕೈಯಲ್ಲಿರುವ ಫೋನಿನಿಂದ ಈ ಊರಿನ ಗೆಳೆಯನಿಗೆ 'ಪರೀಕ್ಷೆ ಮುಂದಕ್ಕೆ ಹೋಗಿದೆ' ಎಂದು ಬರೆದು ಕಳಿಸಿದರೆ, ಆ ಊರಿನಲ್ಲಿ ಅವನ ಫೋನು ಗುಂಯ್ ಎನ್ನಲು ಒಂದು ಕ್ಷಣವೂ ಬೇಡ. ಇದನ್ನು ನಾವು ಸಹಜವೆಂದೇ ತಿಳಿದಿದ್ದೇವೆ. ಆದರೆ ಸುದ್ದಿ ಹುಟ್ಟಿದ ಗಳಿಗೆಯಲ್ಲೇ ಅದು ಸಂಬಂಧಪಟ್ಟವರನ್ನು ಮುಟ್ಟಬೇಕೆಂಬ ಆಸೆ ಬಹಳ ಹಳೆಯದು. ಆ ಆಸೆ ಈಡೇರಿದ್ದು ಹೇಗೆ, ಈಡೇರಿದ ಮೇಲೆ ಆದದ್ದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಕಲ್ಯಾಣ ಸೀಮೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಏಕೆಂದರೆ ಒಂದು ಕಾಲಕ್ಕೆ ದಕ್ಷಿಣದ ದೊಡ್ಡ ಭಾಗದ ಸುದ್ದಿಯೆಲ್ಲ ಬಂದು ಸೇರುತ್ತಿದ್ದ ರಾಜಧಾನಿ ಇದು.

ಕೃಷ್ಣೆಯ ದಡಕ್ಕೆ ಬಂದ ದೂತ

ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. 1068ರಲ್ಲಿ ಅವನು ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ನದಿಗೆ ಇಳಿದು ದೇಹತ್ಯಾಗ ಮಾಡಿದನು. ಕುರುವತ್ತಿ ಕಲ್ಯಾಣದಿಂದ 300 ಕಿ.ಮೀ.ಗೂ ಹೆಚ್ಚು ದೂರ. ಆಗ ಅವನ ಎರಡನೆಯ ಮಗ ವಿಕ್ರಮಾದಿತ್ಯ ದಂಡಯಾತ್ರೆಯಲ್ಲಿದ್ದನು. ಕಾಶ್ಮೀರದಿಂದ ಬಂದು ಆಸ್ಥಾನಕವಿಯಾದ ಬಿಲ್ಹಣನು 'ವಿಕ್ರಮಾಂಕದೇವಚರಿತ'ದಲ್ಲಿ ಈ ಪ್ರಸಂಗವನ್ನು ಹೇಳುತ್ತಾನೆ. ವಿಕ್ರಮಾದಿತ್ಯ ಕೃಷ್ಣಾನದಿಯ ದಡದಲ್ಲಿ ಬೀಡುಬಿಟ್ಟಿರುವಾಗ ರಾಜಧಾನಿಯಿಂದ ದೂತನೊಬ್ಬ ಬರುತ್ತಾನೆ. ತಂದೆಯ ಸಾವಿನ ಸುದ್ದಿ ಮಗನಿಗೆ ತಿಳಿಯುವುದು ಆಗ. ಅಷ್ಟರಲ್ಲಿ ಆಗುವುದೆಲ್ಲ ಆಗಿ ಹೋಗಿತ್ತು. ಅಣ್ಣ ಎರಡನೆಯ ಸೋಮೇಶ್ವರನು ಪಟ್ಟವೇರಿದನು. ಮುಂದೆ ಅಣ್ಣತಮ್ಮಂದಿರ ನಡುವೆ ವೈಮನಸ್ಸು ಬೆಳೆದು, 1076ರಲ್ಲಿ ವಿಕ್ರಮಾದಿತ್ಯನೇ ಸಿಂಹಾಸನ ಹತ್ತಿದನು. ತನ್ನ ಹೆಸರಿನ ಶಕೆಯನ್ನೂ ಆರಂಭಿಸಿದನು.

ಬಿಲ್ಹಣನು ತನ್ನ ದೊರೆಯನ್ನು ಹೊಗಳಲು ಬರೆದ ಕವಿ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳಾದ ನೀವು ಮರೆಯಬಾರದು. ಆದರೂ ಆ ಕಾಲದ ಒಂದು ಸತ್ಯ ಇಲ್ಲಿ ಸ್ಪಷ್ಟವಾಗಿದೆ. ಎಷ್ಟೇ ದೊಡ್ಡ ಸಾಮ್ರಾಜ್ಯವಿರಲಿ, ಸುದ್ದಿಯ ವೇಗ ಅದನ್ನು ಹೊತ್ತ ಮನುಷ್ಯನ ಕಾಲಿನ ಅಥವಾ ಕುದುರೆಯ ವೇಗವನ್ನು ಮೀರುತ್ತಿರಲಿಲ್ಲ. ಅರಮನೆಗೇ ಹೀಗಾದರೆ ಸಾಮಾನ್ಯ ಜನರ ಪಾಡೇನು? ಅವರಿಗೆ ಇದ್ದದ್ದು ಡಂಗುರ ಮತ್ತು ಸಂತೆ. ಊರ ನಡುವೆ ಹಲಗೆ ಬಡಿದು ಸಾರಿದ್ದು ಕೇಳಿದವರಿಗೆ ಸುದ್ದಿ. ಹೊಲದಲ್ಲಿದ್ದವರಿಗೆ ಅದು ಸಂಜೆಗೆ.

ಗಂಟೆ ಕಟ್ಟಿದ ಕೋಲು

ಹದಿನಾಲ್ಕನೆಯ ಶತಮಾನದಲ್ಲಿ ಕಲ್ಯಾಣ ದಿಲ್ಲಿ ಸುಲ್ತಾನರ ಆಳ್ವಿಕೆಗೆ ಸೇರಿತು. ಮಹಮ್ಮದ್ ಬಿನ್ ತುಘಲಕನ ಕಾಲದ, 1326ರ ಸಂಸ್ಕೃತ ಶಾಸನವೊಂದು ಕಲ್ಯಾಣದಲ್ಲಿಯೇ ದೊರೆತಿದೆ. ಇಷ್ಟು ದೂರದ ನಾಡನ್ನು ದಿಲ್ಲಿಯಿಂದ ಆಳಬೇಕಾದರೆ ವೇಗದ ಟಪಾಲು ಬೇಕೇ ಬೇಕು. ಆ ಸುಲ್ತಾನನ ಆಸ್ಥಾನದಲ್ಲಿದ್ದ ಪ್ರವಾಸಿ ಇಬ್ನ್ ಬತೂತ ಈ ವ್ಯವಸ್ಥೆಯನ್ನು ವಿವರವಾಗಿ ಬರೆದಿದ್ದಾನೆ. ಕುದುರೆ ಟಪಾಲಿಗೆ ನಾಲ್ಕು ಮೈಲಿಗೊಂದು ಠಾಣ್ಯ. ಕಾಲ್ನಡಿಗೆಯ ಟಪಾಲಿಗೆ ಮೈಲಿಯ ಮೂರನೆಯ ಒಂದು ಪಾಲಿಗೆ ಒಂದು ಠಾಣ್ಯ. ಓಟಗಾರನ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ತಾಮ್ರದ ಗಂಟೆಗಳನ್ನು ಕಟ್ಟಿದ ಕೋಲು. ಗಂಟೆಯ ಸದ್ದು ಕಿವಿಗೆ ಬೀಳುತ್ತಲೇ ಮುಂದಿನ ಠಾಣ್ಯದವನು ಸಿದ್ಧನಾಗಿ ನಿಲ್ಲುತ್ತಿದ್ದ. ಕಾಗದ ಕೈ ಬದಲಾಗುತ್ತಿತ್ತು, ಓಟ ನಿಲ್ಲುತ್ತಿರಲಿಲ್ಲ. ಸಿಂಧ್‌ನಿಂದ ದಿಲ್ಲಿಗೆ 50 ದಿನಗಳ ಪ್ರಯಾಣವಾದರೆ, ಟಪಾಲು ಐದೇ ದಿನಗಳಲ್ಲಿ ಮುಟ್ಟುತ್ತಿತ್ತೆಂದೂ, ಕುದುರೆಗಿಂತ ಕಾಲೋಟದ ಟಪಾಲೇ ವೇಗವಾಗಿತ್ತೆಂದೂ ಅವನು ಹೇಳುತ್ತಾನೆ.

ಇಲ್ಲಿ ಎರಡು ವಸ್ತುಗಳಿವೆ, ಗಮನಿಸಿ. ಒಂದು ಕಾಗದ, ಇನ್ನೊಂದು ಗಂಟೆ. ಕಾಗದದಲ್ಲಿ ಸಂದೇಶವಿದೆ. ಗಂಟೆಯಲ್ಲಿ ಸಂದೇಶವಿಲ್ಲ, 'ಸಂದೇಶ ಬರುತ್ತಿದೆ, ಎಚ್ಚರವಾಗಿರು' ಎಂಬ ಸೂಚನೆ ಮಾತ್ರ ಇದೆ. ಇಂದು ನಾವು ನೋಟಿಫಿಕೇಶನ್ ಎನ್ನುವುದು ಈ ಗಂಟೆಯನ್ನೇ. ಇಂತಹ ಓಟಗಾರನಿಗೆ ಪಾರಸಿಯಲ್ಲಿ ಹರ್ಕಾರಾ ಎಂದು ಹೆಸರು. ನಮ್ಮ 'ಹರಿಕಾರ' ಎಂಬ ಪದ ಅಲ್ಲಿಂದ ಬಂದದ್ದು. ಸುದ್ದಿ ಹೊತ್ತು ಮುಂದೆ ಓಡುವವನು ಎಂಬ ಅರ್ಥ ಹಿಗ್ಗಿ, ಯಾವುದೇ ಹೊಸ ದಾರಿಗೆ ಮೊದಲಿಗನಾದವನು ಎಂಬ ಅರ್ಥ ಈಗ ಬಂದಿದೆ. ದಕ್ಷಿಣದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು (1672–1704) ಸ್ಥಾಪಿಸಿದ ಅಂಚೆಯೂ ಮೊದಮೊದಲು ಸರ್ಕಾರಕ್ಕೆ ಸುದ್ದಿ ತಲುಪಿಸುವ ಏರ್ಪಾಡೇ ಆಗಿತ್ತು.

ನಿಜಾಮರ ಟಪಾಲಿನಿಂದ ರೇಡಿಯೋಕ್ಕೆ

ಬಸವಕಲ್ಯಾಣ, ಹುಮನಾಬಾದ್ ಎರಡೂ ಮುಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದವು. ಆ ಸಂಸ್ಥಾನಕ್ಕೆ ತನ್ನದೇ ಟಪಾಲು ಇಲಾಖೆಯಿತ್ತು. 1869ರಲ್ಲಿ ಅದು ತನ್ನದೇ ಅಂಚೆಚೀಟಿಯನ್ನು ಹೊರತಂದಿತು. ಇಷ್ಟರಲ್ಲಿ ಜಗತ್ತಿಗೆ ತಂತಿ ಬಂದಿತ್ತು. ಭಾರತದಲ್ಲಿ 1855ರಿಂದ ಸಾರ್ವಜನಿಕರು ತಂತಿ ಕಳಿಸಬಹುದಾಯಿತು. ಸುದ್ದಿ ಮೊಟ್ಟಮೊದಲ ಬಾರಿಗೆ ಮನುಷ್ಯನ ಕಾಲಿನಿಂದ ಬಿಡಿಸಿಕೊಂಡು ವಿದ್ಯುತ್ತಿನ ವೇಗದಲ್ಲಿ ಓಡಿತು. ಆದರೆ ತಂತಿ ಕಚೇರಿಯಿಂದ ಮನೆ ಬಾಗಿಲವರೆಗೆ ಮತ್ತೆ ಮನುಷ್ಯನೇ ನಡೆಯಬೇಕು. ಬೆಲೆಯೂ ಹೆಚ್ಚು. ಆದ್ದರಿಂದ ಹಳ್ಳಿಯ ಮನೆಗೆ ತಂತಿ ಬಂತೆಂದರೆ ಓದುವ ಮೊದಲೇ ಅಳುವ ಕಾಲವೊಂದಿತ್ತು. ತೀರಿಕೊಂಡವರ ಸುದ್ದಿಗಲ್ಲದೆ ಯಾರು ಅಷ್ಟು ಹಣ ಕೊಟ್ಟಾರು? ಈ ತಂತಿ ಸೇವೆಯನ್ನು ಭಾರತ 2013ರ ಜುಲೈನಲ್ಲಿ ನಿಲ್ಲಿಸಿತು.

1948 ಈ ಸೀಮೆಯ ಜನ ಮರೆಯದ ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಇಲ್ಲಿ ಬಂದಿರಲಿಲ್ಲ. ಆ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೋಲಾಪುರದ ಕಡೆಯಿಂದ ನಳದುರ್ಗ, ಉಮರ್ಗಾ, ರಾಜೇಶ್ವರದ ದಾರಿಯಲ್ಲಿ ಹೈದರಾಬಾದಿನತ್ತ ಹೊರಟಿತು. 17ರಂದು ಕದನ ನಿಂತಿತೆಂಬ ಘೋಷಣೆ ಹೈದರಾಬಾದ್ ರೇಡಿಯೋದಲ್ಲಿ ಹೊರಬಿತ್ತು. ರೇಡಿಯೋ ಇದ್ದವರಿಗೆ ಆ ಗಳಿಗೆಯಲ್ಲೇ ಸುದ್ದಿ. ಇಲ್ಲದ ಊರುಗಳಿಗೆ ಬಾಯಿಂದ ಬಾಯಿಗೆ. ಅನಂತರದ ವಾರಗಳಲ್ಲಿ ಬೀದರ್ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ದಾಖಲಿಸಿತು. ಸುದ್ದಿ ಮತ್ತು ರಕ್ಷಣೆ ಸಕಾಲಕ್ಕೆ ತಲುಪದಿದ್ದರೆ ಸಾಮಾನ್ಯ ಮನುಷ್ಯ, ಅವನು ಯಾವ ಮತದವನೇ ಆಗಿರಲಿ, ಎಷ್ಟು ಒಂಟಿಯಾಗುತ್ತಾನೆ ಎಂಬುದನ್ನು ಆ ವರ್ಷ ತೋರಿಸಿತು.

ಪಕ್ಕದ ಮನೆಯ ಫೋನು

ರೇಡಿಯೋ, ಟೆಲಿವಿಷನ್‌ಗಳು ಒಬ್ಬರು ಹೇಳಿ ಎಲ್ಲರೂ ಕೇಳುವ ಡಂಗುರದ ಜಾತಿಯವು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ದೇಶದ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಆದರೆ 'ನಿನ್ನ ಅಜ್ಜಿಗೆ ಹುಷಾರಿಲ್ಲ, ಬಾ' ಎಂಬ ಸುದ್ದಿಯನ್ನು ಟೆಲಿವಿಷನ್ ಹೇಳುವುದಿಲ್ಲ. ಅದಕ್ಕೆ ಟೆಲಿಫೋನೇ ಬೇಕು. ಸಿ-ಡಾಟ್ ಸಂಸ್ಥೆ ರೂಪಿಸಿದ 128 ತಂತುಗಳ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಬಂದದ್ದು 1986ರಲ್ಲಿ, ನಮ್ಮ ಕಿತ್ತೂರಿಗೆ. ಅಲ್ಲಿಂದ ಮುಂದೆ ದೇಶದ ಹಳ್ಳಿಗಳಿಗೆ ಫೋನು ಹರಡಿತು. ಬಸ್ ನಿಲ್ದಾಣದ ಬಳಿ ಎಸ್.ಟಿ.ಡಿ. ಬೂತುಗಳು ಕಾಣಿಸಿಕೊಂಡವು.

ಆಗಲೂ ಎಲ್ಲರ ಮನೆಯಲ್ಲಿ ಫೋನು ಇರಲಿಲ್ಲ. 'ಪಿ.ಪಿ. ನಂಬರ್' ಎಂದು ಪಕ್ಕದ ಮನೆಯ ಅಥವಾ ಕಿರಾಣಿ ಅಂಗಡಿಯ ನಂಬರನ್ನು ಕೊಡುವ ರೂಢಿಯಿತ್ತು. ಕರೆ ಬಂದರೆ ಅಂಗಡಿಯ ಹುಡುಗ ಓಡಿಬಂದು, 'ಅಕ್ಕಾರ, ನಿಮಗ ಫೋನ್ ಬಂದದ, ಲಗೂ ಬರ್ರಿ' ಎಂದು ಕೂಗುತ್ತಿದ್ದ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ. ಇವನು ಮತ್ತೆ ಬರುತ್ತಾನೆ.

ಕೇಳಿದರಷ್ಟೇ ಹೇಳುವ ವೆಬ್

ಕಂಪ್ಯೂಟರಿನಲ್ಲಿ ಹರಟೆ ಇಂದಿನದಲ್ಲ. 1973ರಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ವ್ಯವಸ್ಥೆಯಲ್ಲಿ 'ಟಾಕೋಮ್ಯಾಟಿಕ್' ಎಂಬ ಕಾರ್ಯಕ್ರಮವಿತ್ತು. 1988ರಲ್ಲಿ ಫಿನ್‌ಲೆಂಡಿನ ಯಾರ್ಕ್ಕೊ ಓಯ್ಕರಿನೆನ್ ಐ.ಆರ್.ಸಿ. ರೂಪಿಸಿದರು. ಇವುಗಳಲ್ಲಿ ಬಳಕೆದಾರನ ಯಂತ್ರಕ್ಕೂ ನಡುವಿನ ಯಂತ್ರಕ್ಕೂ ಸಂಪರ್ಕ ಸದಾ ತೆರೆದೇ ಇರುತ್ತಿತ್ತು. ಸುದ್ದಿ ಬಂದೊಡನೆ ಕಳಿಸಲು ಅಡ್ಡಿಯಿರಲಿಲ್ಲ.

ಅಡ್ಡಿ ಬಂದದ್ದು ವೆಬ್‌ನೊಂದಿಗೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಅದರ ಯೋಜನೆಯನ್ನು ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ದಾಖಲೆಗಳ ಹಂಚಿಕೆ, ಹರಟೆಯಲ್ಲ. ಅದರ ನಿಯಮ ಸರಳ. ನಿಮ್ಮ ಬ್ರೌಸರ್ ಕೇಳುತ್ತದೆ; ದೂರದ ಸರ್ವರ್ ಉತ್ತರ ಕೊಡುತ್ತದೆ; ಅಲ್ಲಿಗೆ ಮಾತು ಮುಗಿಯಿತು. ಸರ್ವರ್ ತಾನಾಗಿ ಬಾಯಿ ತೆರೆಯುವಂತಿಲ್ಲ. ಗ್ರಂಥಾಲಯದ ಪುಸ್ತಕಕ್ಕೆ ಇದು ಸರಿ. ಆದರೆ ಗೆಳೆಯನ ಮಾತು ಸರ್ವರಿಗೆ ಬಂದು ಕುಳಿತಿದ್ದರೂ ನೀವು ಕೇಳುವವರೆಗೆ ಅದು ಹೇಳುವುದಿಲ್ಲ ಎಂದರೆ?

ಇಲ್ಲೊಂದು ವಿಚಿತ್ರವನ್ನು ನೋಡಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬಸವಕಲ್ಯಾಣದಿಂದ ಬೆಂಗಳೂರಿಗೆ ಕೇಬಲ್ ದಾರಿ 700 ಕಿ.ಮೀ. ಎಂದಿಟ್ಟುಕೊಂಡರೂ, ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂರೂವರೆ ಭಾಗ ಸಾಕು. ವಿಕ್ರಮಾದಿತ್ಯನಿಗೆ ಅಡ್ಡವಾಗಿದ್ದ ದೂರ ಈಗ ಇಲ್ಲವೇ ಇಲ್ಲ. ಉಳಿದಿರುವ ಪ್ರಶ್ನೆ ಒಂದೇ: ಮೊದಲು ಮಾತನಾಡುವ ಹಕ್ಕು ಯಾರದು?

ಅಂಚೆ ಕಚೇರಿಗೆ ಹತ್ತು ಸಲ

ಮೊದಲ ಪರಿಹಾರ ಒರಟಾದದ್ದು. ಕೆಲವು ಸೆಕೆಂಡುಗಳಿಗೊಮ್ಮೆ ಬ್ರೌಸರೇ 'ನನಗೇನಾದರೂ ಬಂದಿದೆಯೇ?' ಎಂದು ಕೇಳುವುದು. ಇದಕ್ಕೆ ಪೋಲಿಂಗ್ ಎನ್ನುತ್ತಾರೆ. ಮಗನ ಮನಿಯಾರ್ಡರಿಗಾಗಿ ದಿನಕ್ಕೆ ಹತ್ತು ಸಲ ಅಂಚೆ ಕಚೇರಿಗೆ ಹೋಗಿ ಬರುವ ತಂದೆಯಂತೆ ಇದು.

ಒಂದು ಲೆಕ್ಕ ಮಾಡಿ ನೋಡೋಣ. ಹುಮನಾಬಾದಿನ ಒಂದು ತರಗತಿಯ 60 ವಿದ್ಯಾರ್ಥಿಗಳು ಒಂದು ಗುಂಪಿನಲ್ಲಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರ ಬ್ರೌಸರ್ 5 ಸೆಕೆಂಡಿಗೊಮ್ಮೆ ಕೇಳಿದರೆ ನಿಮಿಷಕ್ಕೆ 720, ಗಂಟೆಗೆ 43,200 ಪ್ರಶ್ನೆಗಳು. ಆ ಗಂಟೆಯಲ್ಲಿ ಬಂದದ್ದು 20 ಸಂದೇಶಗಳಾದರೆ, ಉಳಿದ 59 ಜನರಿಗೆ ತಲುಪಬೇಕಾದವು 1,180 ಮಾತ್ರ. ಮಿಕ್ಕ ಸುಮಾರು 42,000 ಸಲ ಸರ್ವರ್ ಹೇಳುವ ಉತ್ತರ 'ಏನೂ ಇಲ್ಲ'. ಇಷ್ಟಾದರೂ ಸುದ್ದಿ 5 ಸೆಕೆಂಡಿನವರೆಗೆ ತಡವಾಗಬಹುದು. ತಡ ಕಡಿಮೆ ಮಾಡಲು ಹೋದರೆ ಪ್ರಶ್ನೆಗಳು ಹೆಚ್ಚುತ್ತವೆ. ಪ್ರಶ್ನೆ ಕಡಿಮೆ ಮಾಡಲು ಹೋದರೆ ತಡ ಹೆಚ್ಚುತ್ತದೆ.

ಎರಡನೆಯ ಉಪಾಯ ಜಾಣತನದ್ದು. ಬ್ರೌಸರ್ ಕೇಳುತ್ತದೆ, ಸುದ್ದಿಯಿಲ್ಲದಿದ್ದರೆ ಸರ್ವರ್ ಕೂಡಲೇ ಇಲ್ಲವೆನ್ನದೆ ಪ್ರಶ್ನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುದ್ದಿ ಬಂದೊಡನೆ ಅದನ್ನೇ ಉತ್ತರವಾಗಿ ಕೊಡುತ್ತದೆ. ಬ್ರೌಸರ್ ಮರುಗಳಿಗೆಯಲ್ಲೇ ಹೊಸ ಪ್ರಶ್ನೆ ಹಾಕಿ ಕಾಯುತ್ತದೆ. ತಂದೆ ಅಂಚೆ ಕಚೇರಿಯ ಕಟ್ಟೆಯ ಮೇಲೆಯೇ ಕುಳಿತು ಟಪಾಲು ಚೀಲಕ್ಕಾಗಿ ಕಾದಂತೆ. ಇದು ಲಾಂಗ್ ಪೋಲಿಂಗ್. 2006ರಲ್ಲಿ ಜಿಮೇಲ್ ತನ್ನ ಪುಟದೊಳಗೇ ಚಾಟ್ ತಂದಾಗ, 2008ರಲ್ಲಿ ಫೇಸ್‌ಬುಕ್ ಚಾಟ್ ಆರಂಭಿಸಿದಾಗ ಬಳಕೆಯಲ್ಲಿದ್ದದ್ದು ಹೀಗೆ ಉತ್ತರವನ್ನು ತಡೆಹಿಡಿಯುವ ವಿಧಾನಗಳೇ. ಇವಕ್ಕೆ ಒಟ್ಟಾಗಿ 'ಕಾಮೆಟ್' ಎಂದು 2006ರಲ್ಲಿ ಹೆಸರು ಬಂತು.

ತೆರೆದಿಟ್ಟ ಬಾಗಿಲು

ನಿಜವಾದ ಬದಲಾವಣೆ 2011ರ ಡಿಸೆಂಬರಿನಲ್ಲಿ ಆರ್.ಎಫ್.ಸಿ. 6455 ಎಂಬ ಸಂಖ್ಯೆಯಲ್ಲಿ ಪ್ರಕಟವಾದ ವೆಬ್‌ಸಾಕೆಟ್ ನಿಯಮಾವಳಿಯಿಂದ ಬಂತು. ಇಲ್ಲೂ ಮೊದಲು ಬ್ರೌಸರೇ ಕದ ತಟ್ಟುತ್ತದೆ. ಆದರೆ 'ಈ ಸಂಪರ್ಕವನ್ನು ಮುಚ್ಚಬೇಡ, ಇಬ್ಬರೂ ಮಾತಾಡೋಣ' ಎಂದು ಕೇಳುತ್ತದೆ. ಸರ್ವರ್ ಒಪ್ಪಿ 101 ಎಂಬ ಸಂಕೇತವನ್ನು ಕಳಿಸುತ್ತದೆ. ಅಲ್ಲಿಂದ ಮುಂದೆ ಯಾರು ಯಾವಾಗ ಬೇಕಾದರೂ ಮಾತನಾಡಬಹುದು. ಪ್ರತಿ ಸಲ ನೂರಾರು ಅಕ್ಷರಗಳ ವಿಳಾಸ, ಪೀಠಿಕೆ ಬರೆಯಬೇಕಿಲ್ಲ. ಚಿಕ್ಕ ಸಂದೇಶಕ್ಕೆ ಕೆಲವೇ ಬೈಟುಗಳ ತಲೆಬರಹ ಸಾಕು. ಸುದ್ದಿಯಿಲ್ಲದ ಹೊತ್ತಿನಲ್ಲಿ ಆಗಾಗ 'ಪಿಂಗ್' ಎಂದರೆ ಆ ಕಡೆಯಿಂದ 'ಪಾಂಗ್' ಬರುತ್ತದೆ. ಬಾಗಿಲು ತೆರೆದಿದೆ ಎಂಬುದಕ್ಕೆ ಅದೇ ಗುರುತು.

ಆದರೆ ನೀವು ಆ ಪುಟವನ್ನೇ ಮುಚ್ಚಿದರೆ? ಫೋನನ್ನು ಜೇಬಿಗಿಟ್ಟರೆ? ಹತ್ತು ಆ್ಯಪ್‌ಗಳು ಹತ್ತು ಬಾಗಿಲುಗಳನ್ನು ತೆರೆದಿಟ್ಟರೆ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದೀತು. ಇಲ್ಲಿಯೇ ಅಂಗಡಿಯ ಹುಡುಗ ಮತ್ತೆ ಬರುವುದು. 2009ರಲ್ಲಿ ಆಪಲ್, 2010ರಲ್ಲಿ ಗೂಗಲ್ ತಮ್ಮ ಫೋನುಗಳಿಗಾಗಿ ಪುಶ್ ಸೇವೆ ಆರಂಭಿಸಿದವು. ಫೋನು ಆ ಒಂದು ಸೇವೆಯೊಡನೆ ಮಾತ್ರ ಸಂಪರ್ಕ ಇಟ್ಟುಕೊಳ್ಳುತ್ತದೆ. ಚಾಟ್ ಸರ್ವರ್ ಸುದ್ದಿಯನ್ನು ಆ ಸೇವೆಗೆ ಕೊಡುತ್ತದೆ. ಸೇವೆ ನಿಮ್ಮ ಫೋನನ್ನು ಎಬ್ಬಿಸುತ್ತದೆ. ಪಿ.ಪಿ. ನಂಬರಿನ ಏರ್ಪಾಡೇ ಇದು. ವೆಬ್ ಪುಟಗಳಿಗೂ ಇದೇ ಸೌಲಭ್ಯ ಬಂದಿದೆ. ನೀವು ಅನುಮತಿ ಕೊಟ್ಟರೆ ಮಾತ್ರ ಪುಟಕ್ಕೆ ಒಂದು ವಿಳಾಸ ಸಿಗುತ್ತದೆ. ಪುಟ ಮುಚ್ಚಿದ್ದರೂ ಸರ್ವಿಸ್ ವರ್ಕರ್ ಎಂಬ ಚಿಕ್ಕ ಕಾರ್ಯಕ್ರಮ ಎದ್ದು ಸೂಚನೆ ತೋರಿಸುತ್ತದೆ. ಅಂಗಡಿಯ ಹುಡುಗ ಕಾಗದ ಓದಬಾರದಲ್ಲವೇ? ಆದ್ದರಿಂದ ವೆಬ್ ಪುಶ್‌ನಲ್ಲಿ ಸಂದೇಶವನ್ನು ಗೂಢಲಿಪಿಯಲ್ಲಿ ಮುಚ್ಚಿಯೇ ಕಳಿಸಬೇಕೆಂಬ ನಿಯಮವಿದೆ.

ಊರಿನಲ್ಲಿ ಕರೆಂಟು ಹೋಗಿ ಫೋನು ಆರಿದ್ದರೆ ಸೇವೆ ಗೊತ್ತಾದ ಅವಧಿಯವರೆಗೆ ಸೂಚನೆಯನ್ನು ಇಟ್ಟುಕೊಳ್ಳುತ್ತದೆ. ನೆಟ್‌ವರ್ಕ್ ಕಡಿದು ಮತ್ತೆ ಸಿಕ್ಕಾಗ ಒಳ್ಳೆಯ ಚಾಟ್ ವ್ಯವಸ್ಥೆ, 'ನನಗೆ 118ನೆಯ ಸಂದೇಶದವರೆಗೆ ಬಂದಿದೆ, ಅಲ್ಲಿಂದ ಮುಂದಿನದನ್ನು ಕೊಡು' ಎಂದು ಕೇಳುತ್ತದೆ. ಸಂದೇಶ ಮುಟ್ಟಿತೆಂಬುದಕ್ಕೆ ಬರುವ ಎರಡು ಗೀಟುಗಳು, ಹಿಂದೆ ರಿಜಿಸ್ಟರ್ಡ್ ಕಾಗದಕ್ಕೆ ಲಗತ್ತಿಸಿ ಕಳಿಸುತ್ತಿದ್ದ ಸ್ವೀಕೃತಿ ಚೀಟಿಯ ಮೊಮ್ಮಕ್ಕಳು.

ಮುರ್ಕಿಯಲ್ಲಿ ನಡೆದದ್ದು

ಕಥೆ ಇಲ್ಲಿಗೆ ಸುಖಾಂತವಾಗಬಹುದಿತ್ತು. ಆದರೆ ಇದೇ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ 2018ರ ಜುಲೈ 13ರಂದು ನಡೆದದ್ದನ್ನು ಹೇಳದೆ ಇದನ್ನು ಮುಗಿಸುವಂತಿಲ್ಲ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಕೆಲವು ಯುವಕರು ದಾರಿಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲು ಆಗ ದೇಶದ ಅನೇಕ ಕಡೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿತ್ತು. ಜನ ಸೇರಿದರು, ಯುವಕರು ಕಾರಿನಲ್ಲಿ ಹೊರಟರು. ಆದರೆ ಸಂದೇಶ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡಹಾಕಿ ಅವರನ್ನು ತಡೆದು ಹೊಡೆದರು. ಪೊಲೀಸರು ಬಿಡಿಸಲು ಹೋಗಿ ತಾವೂ ಪೆಟ್ಟು ತಿಂದರು. ಒಬ್ಬ ಯುವಕ, ಸಾಫ್ಟ್‌ವೇರ್ ಎಂಜಿನಿಯರ್, ಪ್ರಾಣ ಕಳೆದುಕೊಂಡ. ಅವರು ಯಾವ ಮಗುವನ್ನೂ ಕದಿಯಲು ಬಂದವರಾಗಿರಲಿಲ್ಲ.

ಯಂತ್ರದ ದೃಷ್ಟಿಯಿಂದ ಅಂದು ಎಲ್ಲವೂ ಸರಿಯಾಗಿಯೇ ನಡೆದಿತ್ತು. ಸಂದೇಶ ತಡವಾಗಲಿಲ್ಲ, ಕಳೆದುಹೋಗಲಿಲ್ಲ, ಎಲ್ಲರನ್ನೂ ಮುಟ್ಟಿತು. ಸುಳ್ಳಾಗಿದ್ದದ್ದು ಸುದ್ದಿ. ಹಿಂದಿನ ಡಂಗುರದವನು ಯಾರೆಂದು ಊರಿಗೆ ಗೊತ್ತಿತ್ತು. ಅವನ ಹಿಂದೆ ಯಾರ ಅಪ್ಪಣೆಯಿದೆ ಎಂಬುದೂ ಗೊತ್ತಿತ್ತು. ಮುಂದೆ ರವಾನಿಸಿದ ಸಂದೇಶಕ್ಕೆ ಆ ಮುಖವಿಲ್ಲ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕುವುದಾಗಿ ಹೇಳಿತು. 2019ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ವಿಸ್ತರಿಸಿತು. ವೇಗವನ್ನು ಹೆಚ್ಚಿಸಲು ಇಷ್ಟು ಶತಮಾನ ದುಡಿದ ಮನುಷ್ಯ, ಬೇಕೆಂದೇ ಅದಕ್ಕೆ ಕಡಿವಾಣ ಹಾಕಿದ ಅಪರೂಪದ ಸಂದರ್ಭವಿದು.

ಗಂಟೆಯ ಕೋಲು ಹಿಡಿದ ಓಟಗಾರನಿಗೆ ಕಾಗದದಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. ಅದನ್ನು ತೂಗಿ ನೋಡುವುದು ಓದುವವನ ಕೆಲಸವಾಗಿತ್ತು. ಇಂದು ನೀವು ಓದುವವರೂ ಹೌದು, ಮುಂದಿನ ಠಾಣ್ಯಕ್ಕೆ ಓಡಿಸುವವರೂ ಹೌದು. ಆದ್ದರಿಂದ ಎರಡೂ ಹೊಣೆ ನಿಮ್ಮವೇ. ನಿಮ್ಮಲ್ಲಿ ಕೆಲವರು ಮುಂದೆ ಇಂತಹ ವ್ಯವಸ್ಥೆಗಳನ್ನು ಕಟ್ಟುವವರೂ ಆಗಬಹುದು. ಆಗ 'ಎಷ್ಟು ಬೇಗ?' ಎಂಬ ಪ್ರಶ್ನೆಯ ಜೊತೆಗೆ 'ಯಾರಿಂದ, ಯಾರಿಗೆ, ಯಾವ ಖಾತರಿಯೊಂದಿಗೆ?' ಎಂಬುದನ್ನೂ ಕೇಳಿಕೊಳ್ಳಿ.

ಆಲೋಚಿಸಿ, ಮಾಡಿ ನೋಡಿ

1. ನಿಮ್ಮ ತರಗತಿಯ ವಿದ್ಯಾರ್ಥಿಗಳ ಸಂಖ್ಯೆಯನ್ನು ಇಟ್ಟುಕೊಂಡು, 2 ಸೆಕೆಂಡಿಗೊಮ್ಮೆ ಪೋಲಿಂಗ್ ಮಾಡಿದರೆ ಗಂಟೆಗೆ ಎಷ್ಟು ಪ್ರಶ್ನೆಗಳಾಗುತ್ತವೆ ಎಂದು ಲೆಕ್ಕ ಹಾಕಿ.

2. ನಿಮ್ಮ ಊರಿನ ಹಿರಿಯರನ್ನು ಕಂಡು, ಅವರ ಮನೆಗೆ ಮೊದಲ ತಂತಿ, ಮೊದಲ ಫೋನ್ ಕರೆ ಬಂದ ಸಂದರ್ಭವನ್ನು ಕೇಳಿ ಬರೆದುಕೊಳ್ಳಿ.

3. ಈ ವಾರ ನಿಮಗೆ ಬಂದ ಸೂಚನೆಗಳಲ್ಲಿ ಕೂಡಲೇ ತಿಳಿಯಲೇಬೇಕಾಗಿದ್ದವು ಎಷ್ಟು? ಸಂಜೆಗೆ ತಿಳಿದಿದ್ದರೂ ಸಾಕಾಗುತ್ತಿದ್ದವು ಎಷ್ಟು? ಗೆಳೆಯರೊಡನೆ ಚರ್ಚಿಸಿ.